ಕಂಪ್ಯೂಟರಿನ್ಯಾಗ ಹುಟ್ಟಿದ ಬಣ್ಣ

ಬನಹಟ್ಟ್ಯಾಗ ನಮ್ಮ ಮನಿಗೆ ಇಂಟರ್ನೆಟ್ ಬಂದ ಹೊಸದಾಗಿ ನಾ ಅರ್ಧಾ ವಿಜ್ಞಾನಿ ಆಗಿಬಿಟ್ಟಿದ್ದೆ. ಉಳದರ್ಧಾ ಏನಂತ ಅವ್ವ ದಿನಾ ಬಾಯಿತುಂಬ ಹೇಳ್ತಿದ್ಲು.

ಆಗ ಅಪ್ಪನ ನಾಕೂ ಮಗ್ಗ ಆರ್ಡರ್ ಇಲ್ದ ನಿಂತಿದ್ದವು. ಸೋಲಾಪುರದ ಸಾವಕಾರ್ರು, "ಸೀರಿ ನೋಡೇ ಆರ್ಡರ್ ಕೊಡಾಂವ" ಅಂದಿದ್ರು. ಬಸ್ಸಿಗೆ ಸೀರಿ ಹಾಕಾಕ ಹೊಂಟ ಅಪ್ಪಗ ನಾ ಅಡ್ಡ ನಿಂತೆ. "ಬಸ್ ಯಾಕ? ಅವರ ಅಂಗಡ್ಯಾಗೂ ಕಂಪ್ಯೂಟರ್ ಐತಿ. ಇಲ್ಲಿಂದನ ಕ್ಯಾಮೆರಾದಾಗ ತೋರಸ್ತೇನಿ."

ಆದ್ರ ನಮ್ಮ ಓಣ್ಯಾಗ ಕರೆಂಟ್ ಇದ್ರ ಮಂದಿ ಮಗ್ಗದ ಸಪ್ಪಳಕ್ಕ ಮಾತ ಕೇಳ್ಸೂದಿಲ್ಲ. ಕರೆಂಟ್ ಹ್ವಾದ್ರ ಸಪ್ಪಳಿಲ್ಲ, ನೆಟ್ಟೂ ಇಲ್ಲ. ಮನಿಮನಿಗೆ ಹೋಗಿ ಕೈ ಮುಗದೆ: "ಹತ್ತ ನಿಮಿಷ ಮಗ್ಗ ಬಂದ್ ಮಾಡ್ರಿ ಕಾಕಾ." ಮಾಡಿದ್ರು. ಮಾಡಿ, ಓಣಿಗೆ ಓಣಿನ ನಮ್ಮನ್ಯಾಗ ಬಂದ ಕುಂತ್ತು.

ಈಗ ಸೀರಿ ಉಡಾವ್ರ್ಯಾರು?

"ಇಂಟರ್ನೆಟ್ ನಿಂದು. ನೀನ ಉಡು" ಅಂದ್ಲು ಅವ್ವ.

ಪ್ಯಾಂಟಿನ ಮ್ಯಾಲ ಉಟ್ಟೆ. "ಸೆರಗ ತೋರ್ಸೋ" ಅಂದ್ರು ಸಾವಕಾರ್ರು. ಗರ್ರಂತ ತಿರಗಿ ಸೆರಗ ಹಾರ್ಸಿದ್ನೋ ಇಲ್ಲೋ, ನೆಟ್ ಗಕ್ಕನ ನಿಂತ್ತು. ಸ್ಕ್ರೀನಿನ ಮ್ಯಾಲ ನಾ ಕೈ ಎತ್ತಿ, ಬಾಯಿ ತಗದು ಹಂಗ ಉಳದೆ.

ಬಾಜೂಮನಿ ಕಾಕು ಅಂದ್ಲು, "ಕನ್ಯಾ ಛಲೋ ಐತಿ ಬಿಡವಾ. ಮೀಸಿ ಒಂದ ತಗದ್ರ ವರಾ ಸಿಗ್ತಾನ."

ಅಷ್ಟರಾಗ ಸಾವಕಾರ್ರ ಫೋನ್ ಬಂತು: "ಆ ನವಿಲ ಬಣ್ಣ ಭಾಳ ಸೇರ್ತು ನೋಡ್ರಿ."

ಸೀರಿ ಇದ್ದದ್ದು ಗಿಣಿಹಸರು! ಅಪ್ಪ ನನ್ನ ನೋಡಿದ, ಸ್ಕ್ರೀನ್ ನೋಡಿದ. ಅದರಾಗ ನಾ ಖರೇನ ನವಿಲ ಆಗಿದ್ದೆ. ದರಿದ್ರ ಕ್ಯಾಮೆರಾ ಬಣ್ಣಾನ ಬದಲ ಮಾಡಿತ್ತು.

"ಖರೆ ಹೇಳ್ತೇನ್ರಿ, ಸೀರಿ ಬಣ್ಣ ಬ್ಯಾರೆ ಐತಿ" ಅಂದ ಅಪ್ಪ.

"ನನಗ ಕಂಡದ್ದ ಬೇಕ್ರಿ. ಅದನ್ನ ನೇದ ಕೊಟ್ರ ಆರ್ಡರ್ ನಿಮಗ."

ನೂಲಿಗೆ ಬಣ್ಣ ಹಾಕೂ ಮಾಮಾನ್ನ ಕರಸಿದ್ವಿ. ಆಂವ ಬಕೆಟ್ ತಂದು ಕಂಪ್ಯೂಟರ್ ಮುಂದ ಕುಂತ. ನೂಲ ಬಣ್ಣದಾಗ ಅದ್ದೂದು, ಸ್ಕ್ರೀನಿನ್ಯಾಗ ಇನ್ನೂ ಹಂಗ ನಿಂತಿದ್ದ ನನ್ನ ಹೊಟ್ಟಿಗೆ ಹಿಡಿಯೂದು, "ಇನ್ನಷ್ಟ ನೀಲಿ ಬೇಕಲೇ" ಅನ್ನೂದು. ಕೀಬೋರ್ಡಿನ ಮ್ಯಾಲ ತಟತಟ ಬಣ್ಣ. ಕಡೀಕ "ಆತು! ಇದ ನೋಡು!" ಅಂತ ಆಂವ ಜಿಗದ. ಬಕೆಟ್ಟೂ ಜಿಗೀತು. ಕಂಪ್ಯೂಟರ್ ಟಪ್ ಅಂತು.

ಮುಂದ ಆ ಬಣ್ಣದ ನೂಲ ಏರಿಸಿ ನಾಕೂ ಮಗ್ಗ ಹೊಡ್ಯಾಕ ಹತ್ತಿದವು. ನಾ ಅಪ್ಪನ ಕಿವ್ಯಾಗ ಒದರಿದೆ, "ಯಪ್ಪಾ, ಕಂಪ್ಯೂಟರ್ ಸತ್ತ ಹೋಗೇತಿ!"

ಆ ಸಪ್ಪಳದಾಗ ಅವಗ ಏನ ಕೇಳ್ಸಿತೋ. ನಕ್ಕೋತ ಮೊದಲನೇ ನವಿಲ ಬಣ್ಣದ ಸೀರಿ ನನ್ನ ಹೆಗಲ ಮ್ಯಾಲ ಒಗದು, ತಿರಗು ಅಂತ ಬೊಟ್ಟ ತಿರುವಿದ.

ಗರ್ರಂತ ತಿರಗಿದೆ.