ಬೂದು ಗೋಡೆ, ಹಳದಿ ದೀಪ

ಕಳೆದ ವಾರ ಜಯನಗರದ ಒಂದು ಲೈಟಿನ ಅಂಗಡಿಯಲ್ಲಿ ಮಾಲೀಕರು ಒಂದು ಬಲ್ಬು ತೋರಿಸಿದರು. ಸ್ವಿಚ್ ಒತ್ತಿದರೆ ಬಿಳಿ, ಆರಿಸಿ ಮತ್ತೆ ಒತ್ತಿದರೆ ಹಳದಿ, ಇನ್ನೊಮ್ಮೆ ಒತ್ತಿದರೆ ಎರಡರ ನಡುವಿನದು. "ತ್ರೀ ಇನ್ ಒನ್ ಮೇಡಂ, ನಿಮ್ಮ ಮೂಡ್ ಹೇಗೋ ಹಾಗೆ," ಎಂದು ನಕ್ಕರು. ಹಳದಿ ಬೆಳಕಿನಲ್ಲಿ ನನ್ನ ಬೂದು ದುಪಟ್ಟಾ ಹಸಿರಿಗೆ ತಿರುಗಿತು. ಏನೂ ಕೊಳ್ಳದೆ ಹೊರಬಂದೆ. ನಮ್ಮ ಮನೆಗೆ ಬಣ್ಣ ಹೊಡೆದ ಪೇಂಟರು ನೆನಪಾಗಿದ್ದರು...

ಜೆ.ಪಿ. ನಗರದ ಈ ಫ್ಲ್ಯಾಟಿಗೆ ಬರುವ ಮೊದಲು ನನಗೆ ಒಳಾಂಗಣದ ಚಿತ್ರಗಳ ಹುಚ್ಚು ಹಿಡಿದಿತ್ತು. ಬೂದು ಗೋಡೆ, ಬಾಗಿಸಿದ ಪ್ಲೈವುಡ್ಡಿನ ಮೇಲೆ ಕಪ್ಪು ಚರ್ಮದ ಮೆತ್ತೆಯಿರುವ ಪ್ರಸಿದ್ಧ ವಿದೇಶಿ ಕುರ್ಚಿ, ಸೋಫಾದ ಹಿಂದಿನಿಂದ ಬಿಲ್ಲಿನಂತೆ ಬಾಗಿ ಬರುವ ಉದ್ದನೆಯ ದೀಪ. ನಾನು ಆರ್ಡರ್ ಮಾಡಿದ ಕುರ್ಚಿಯೂ ನಕಲು, ದೀಪವೂ ನಕಲು. ಕುರ್ಚಿ ಬಂದಿತ್ತು. ಹಳದಿ ಗಾಜಿನ ಆ ದೀಪ ಮಾತ್ರ ಇನ್ನೂ ಬಂದಿರಲಿಲ್ಲ.

ಪೇಂಟರು ವಸಂತಪುರದಿಂದ ಬರುತ್ತಿದ್ದರು. ಐವತ್ತು ದಾಟಿದವರು, ಮಾತು ಕಡಿಮೆ. ಪೇಂಟ್ ಕಂಪನಿಯ ಬಣ್ಣದ ಕಾರ್ಡಿನಲ್ಲಿ ನಾನು ಆರಿಸಿದ ಬಣ್ಣವನ್ನು ಮೊದಲು ಒಂದು ರಟ್ಟಿಗೆ ಬಳಿದು ಗೋಡೆಗೆ ಒರಗಿಸಿದರು. ಬೆಳಿಗ್ಗೆ ನೋಡಿದರು, ಮಧ್ಯಾಹ್ನ ನೋಡಿದರು, ಸಂಜೆ ಲೈಟು ಹಾಕಿ ನೋಡಿದರು. "ನಿಮ್ಮ ದೀಪ ಬರ್ಲಿ ಮೇಡಂ. ಅದರ ಬೆಳಕಲ್ಲಿ ಒಂದ್ಸಲ ನೋಡ್ಬಿಟ್ಟು ಕೊನೇ ಕೋಟ್ ಹೊಡೀತೀನಿ," ಅಂದರು. ಗೃಹಪ್ರವೇಶಕ್ಕೆ ನಾಲ್ಕೇ ದಿನವಿತ್ತು. "ಕಾರ್ಡಲ್ಲಿ ನಂಬರ್ ಇದೆಯಲ್ಲ, ಹೊಡೀರಿ," ಅಂದೆ. ಹೊಡೆದರು.

ದೀಪ ಬಂದದ್ದು ಗೃಹಪ್ರವೇಶದ ದಿನವೇ. ಸಂಜೆ ನೆಂಟರೆಲ್ಲ ಇದ್ದಾಗ ಹಾಕಿದೆವು. ಗೋಡೆ ಪಾಚಿಯ ಬಣ್ಣಕ್ಕೆ ತಿರುಗಿತು. "ಏನೇ ಇದು, ಯಡಿಯೂರು ಕೆರೇನ ತಂದು ಗೋಡೆಗೆ ಬಳಿಸಿದ್ಯಾ?" ಅಂದರು ಚಿಕ್ಕಮ್ಮ. ಎಲ್ಲರೂ ನಕ್ಕರು.

ಮನೆಯ ಕೆಲಸ ಮಾಡಿದವರಿಗೆ ಬಟ್ಟೆ, ತಾಂಬೂಲ ಕೊಡಲು ಅಂದು ಕರೆದಿದ್ದೆವು. ಪೇಂಟರು ಇಸ್ತ್ರಿ ಮಾಡಿದ ಬಿಳಿ ಶರ್ಟು ತೊಟ್ಟು ಬಾಗಿಲ ಬಳಿ ನಿಂತಿದ್ದರು. ಪಕ್ಕದಲ್ಲಿ ಅವರಿಗೆ ಕೆಲಸ ಕೊಡುತ್ತಿದ್ದ ಕಂಟ್ರಾಕ್ಟರ್. ನಾನು ಕಂಟ್ರಾಕ್ಟರ್ ಕಡೆ ತಿರುಗಿ, "ನಾನು ಹೇಳಿದ ಬಣ್ಣ ಇದಲ್ಲ. ಇವರೇ ಏನೋ ಬೆರೆಸಿದ್ದಾರೆ," ಅಂದೆ. ಮೆಲ್ಲಗೆ ಅಂದೆನೆಂದು ಬಹಳ ಕಾಲ ನಂಬಿದ್ದೆ. ಮೆಲ್ಲಗೆ ಅಂದಿದ್ದರೆ ಅಮ್ಮ ಅಡುಗೆಮನೆಯಿಂದ ಓಡಿ ಬರುತ್ತಿರಲಿಲ್ಲ.

"ಆ ದೀಪ ಆರಿಸಿ ಒಂದ್ಸಲ ನೋಡಿ ಮೇಡಂ," ಅಂದರು ಪೇಂಟರು.

ನಾನು ಆರಿಸಲಿಲ್ಲ.

"ಇಷ್ಟು ವರ್ಷ ಮಾಡಿದ್ದೀರ, ಕಾರ್ಡ್ ನೋಡಿ ಹೊಡೆಯೋಕೆ ಬರಲ್ವೇನ್ರೀ? ನಾಳೆಯಿಂದ ನನ್ನ ಸೈಟಿಗೆ ಬರ್ಬೇಡಿ," ಅಂದರು ಕಂಟ್ರಾಕ್ಟರ್. ಪೇಂಟರು ಊಟ ಮಾಡದೆ ಹೋದರು. ಅವರಿಗೆಂದು ತಂದಿದ್ದ ಪಂಚೆ ಏನಾಯಿತು... ನೆನಪಿಲ್ಲ ಎಂದು ಬರೆಯಲು ಹೊರಟಿದ್ದೆ. ನೆನಪಿದೆ. ಮುಂದಿನ ತಿಂಗಳು ಇನ್ನಾರದೋ ಮನೆಯ ಮದುವೆಯಲ್ಲಿ ಉಡುಗೊರೆ ಕೊಟ್ಟೆ.

ಮರುದಿನ ಬೆಳಿಗ್ಗೆ ಕಿಟಕಿಯ ಬೆಳಕಿನಲ್ಲಿ ಕಾರ್ಡನ್ನು ಗೋಡೆಗೆ ಹಿಡಿದೆ. ಕಾರ್ಡು ಎಲ್ಲಿ ಮುಗಿಯಿತು, ಗೋಡೆ ಎಲ್ಲಿ ಶುರುವಾಯಿತು ಎಂದು ತಿಳಿಯದಷ್ಟು ಒಂದೇ ಬಣ್ಣ. ಕಂಟ್ರಾಕ್ಟರಿಗೆ ಒಂದು ಮಾತು ಹೇಳಿದ್ದರೆ ಪೇಂಟರ ಕೆಲಸ ಉಳಿಯುತ್ತಿತ್ತು. ಹೇಳಿದರೆ, ಅಷ್ಟು ಜನರ ಮುಂದೆ ಕೂಗಾಡಿದ ನನ್ನ ತಪ್ಪು ಒಪ್ಪಿಕೊಳ್ಳಬೇಕಿತ್ತು. ದೀಪಕ್ಕೆ ಬಿಳಿ ಗಾಜು ಹಾಕಿಸಿದೆ. ಆ ದಿನದ ಡೈರಿಯಲ್ಲಿರುವುದು ಇಷ್ಟೇ: ಗೋಡೆ ಸರಿಹೋಯಿತು.

ಕಳೆದ ವಾರ ಆ ಲೈಟಿನ ಅಂಗಡಿಯಿಂದ ಬಂದವಳು ಆ ಕಂಟ್ರಾಕ್ಟರಿಗೆ ಫೋನ್ ಮಾಡಿ ವಿಚಾರಿಸಿದೆ.

"ಓ, ಅವ್ರಾ? ಎರಡು ವರ್ಷ ಆಯ್ತು ಮೇಡಂ, ತೀರ್ಕೊಂಡ್ರು. ಕೊನೇಗೆ ಸುಬ್ರಹ್ಮಣ್ಯಪುರದ ಕಡೆ ಗೇಟು, ಗ್ರಿಲ್ಲು ಬಳೀತಿದ್ರಂತೆ. ಒಳ್ಳೇ ಮನುಷ್ಯ, ಕಲರ್ ಮಾತ್ರ ಗೊತ್ತಾಗ್ತಿರ್ಲಿಲ್ಲ. ನಿಮ್ಮನೇಲೇ ನೋಡಿದ್ರಲ್ಲ... ಯಾಕೆ, ಕೆಲಸ ಇತ್ತಾ?"

"ಇಲ್ಲ, ಸುಮ್ನೆ ಕೇಳ್ದೆ," ಅಂದೆ. ಅವರು ಇಲ್ಲವೆಂದು ತಿಳಿದ ಮೇಲೂ ಅಷ್ಟೇ ಅಂದೆ.