ಡ್ರೈವರ್ ತಿದ್ದುವವ
ಸಾಯುವ ಹಿಂದಿನ ದಿನವೂ ಅಮರಗುಂಡಪ್ಪ ಸಿಂಧನೂರಿನ ಮನೆಯಲ್ಲಿ ಕಂಪ್ಯೂಟರಿನ ಮುಂದೆ ಕೂತು ಎರಡು ಸಲ ಚಹಾ ಆರಲು ಬಿಟ್ಟಿದ್ದ. ಮೆಮೊರಿ ಕಾರ್ಡನ್ನು ನಡೆಸುವ ಡ್ರೈವರ್ ಎಂಬ ಪ್ರೋಗ್ರಾಂ ತಿದ್ದುವವರೇ ಹಾಗೆ, ಬೀಗರು ಬಂದರೂ ಏಳುವುದಿಲ್ಲ, ಮನೆಗೆ ಬೆಂಕಿ ಬಿದ್ದರೂ "ತಡೀರಿ, ಇದೊಂದು ಸಾಲು" ಅನ್ನುತ್ತಾರೆ. ಕಾರ್ಡಿಗೆ ಬರೆಯುವಾಗಲೇ ಕರೆಂಟು ಹೋದರೂ ಅದರಲ್ಲಿದ್ದದ್ದು ಅಳಿಯಬಾರದು, ಅದೊಂದೇ ಅವನ ಹಟ. ಮಣ್ಣು ಮಾಡಿ ಬಂದ ಸಂಜೆಯೇ ಮಸ್ಕಿಯಿಂದ ಬಂದಿದ್ದ ಅವನ ತಮ್ಮ ಸಂಗನಬಸವ ಕಂಪ್ಯೂಟರ್ ತೋರಿಸಿ, "ವೈನೀ, ಈ ಡಬ್ಬಿ ಗುಜರಿಗೆ ಹಾಕ್ರಿ" ಅಂದ. ಅಮರಗುಂಡಪ್ಪನ ಹೆಂಡತಿ ಸಂಗಮ್ಮನ ಮೈ ಉರಿಯಿತು. "ಮುಟ್ಟಿ ನೋಡು. ನೂರು ಸಲ ಕರೆಂಟಿನ ವಯರ್ ಕಿತ್ತು ನೋಡಬೇಕಂತ ನಿಮ್ಮಣ್ಣ ಹೇಳ್ಯಾರ. ಇನ್ನ ನಲವತ್ತು ಉಳದಾವ. ನೀ ಬಂದು ಕೀಳ್ತೀಯೇನು?" ಆ ನೂರು ಮುಗಿದು ತಿಂಗಳಾಯಿತು. ಈಗಲೂ ದಿನಾ ಬೆಳಗ್ಗೆ, ಕಸ ಗುಡಿಸುವ ಮೊದಲು, ಕಾರ್ಡಿನ ದೀಪ ಮಿಣುಕುತ್ತಿರುವಾಗಲೇ ಅವಳು ವಯರು ಕೀಳುತ್ತಾಳೆ, ಮತ್ತೆ ಚುಚ್ಚಿ, ಏನೂ ಅಳಿದಿಲ್ಲ ಅಂತ ಪರದೆ ಹಸಿರಾಗುವವರೆಗೆ ನಿಲ್ಲುತ್ತಾಳೆ.