ಹಿನ್ನೀರಿನ ನಡುವೆ ಮೋಟಾರು ನಿಂತಾಗ

ನನ್ನ ಭಾವ, ಗಂಡನ ಅಣ್ಣ, ಠಾಣೆ ನಗರದ ನೌಪಾಡಾದ ಹೋಟೆಲಿನ ಗಲ್ಲಾದಲ್ಲಿ ಕೂತೇ ತಲೆ ನರೆತವರು. ಎರಡು ವರ್ಷದ ಹಿಂದೆ ಅವರಿಗೆ ಏನನ್ನಿಸಿತೋ, ಒಂದು ಹಳೆಯ ಮೋಟಾರು ದೋಣಿ ಕೊಂಡರು. ಕಲ್ಯಾಣ ದಾಟಿ ಗುಡ್ಡಗಳ ಕಡೆ ಹೋದರೆ ಅಣೆಕಟ್ಟಿನ ದೊಡ್ಡ ಹಿನ್ನೀರು. ಅದರ ದಡದ ಗೆಳೆಯರೊಬ್ಬರ ತೋಟದಲ್ಲಿ ದೋಣಿ ಇರುತ್ತಿತ್ತು.

ಅಕ್ಟೋಬರಿನ ಒಂದು ಭಾನುವಾರ ಡೊಂಬಿವಲಿಯಿಂದ ನಾನೂ ಕಾಲೇಜಿಗೆ ಹೋಗುವ ಮಗಳೂ ಅಲ್ಲಿಗೆ ಹೋದೆವು. ಭಾವ ಮತ್ತು ಅವರ ಹೆಂಡತಿ ಮೊದಲೇ ಬಂದಿದ್ದರು. ಊಟ ಮುಗಿಯುವಷ್ಟರಲ್ಲಿ ಗುಡ್ಡದ ಮೇಲೆ ಕಪ್ಪು ಮೋಡ ಕೂತಿತ್ತು.

"ಭಾವ, ಇವತ್ತು ಬೇಡ ಅಂತ ಕಾಣ್ತದೆ," ಎಂದೆ. ನನಗೆ ಈಜು ಬಾರದು.

"ಮಳೆ ಇಲ್ಲಿಗೆ ಬರುವಾಗ ಸಂಜೆ ಆಗ್ತದೆ. ಒಂದು ರೌಂಡ್ ಹೋಗಿ ಬರುವ."

ದೋಣಿಯಲ್ಲಿ ಮೂರೇ ಲೈಫ್ ಜಾಕೆಟ್ ಇದ್ದವು. ಅವನ್ನು ಭಾವ ನನಗೆ, ಮಗಳಿಗೆ, ತಮ್ಮ ಹೆಂಡತಿಗೆ ಹಾಕಿಸಿದರು. ಈ ಓರಗಿತ್ತಿಯನ್ನು ನಾನು ಅಕ್ಕ ಎನ್ನುತ್ತೇನೆ. "ನಿಮಗೆ?" ಎಂದು ಅಕ್ಕ ಕೇಳಿದಳು. ಅವರು ನಕ್ಕು ಮೋಟಾರಿನ ಹಗ್ಗ ಎಳೆದರು.

ನಡುನೀರಿಗೆ ಬಂದಾಗ ಗಾಳಿ ಎದ್ದಿತು. ಗುಡ್ಡ ಕಾಣದಾಯಿತು. ದೋಣಿ ತಿರುಗಿಸುವಾಗ ಮೋಟಾರು ಗರ್ ಎಂದು ನಿಂತುಹೋಯಿತು.

"ದೊಡ್ಡಪ್ಪ, ಬಂದ್ ಕ್ಯೂಂ ಹುವಾ?" ಮಗಳು ಕೇಳಿದಳು.

"ಮೋಟಾರಿನ ರೆಕ್ಕೆಗೆ ಮೀನಿನ ಬಲೆ ಸುತ್ತಿದೆ ಮಗಾ."

ಸದಾ ದೊಡ್ಡ ದನಿಯಲ್ಲಿ ಮಾತಾಡುವ ಮನುಷ್ಯ ಇದನ್ನು ಪಿಸುಗುಟ್ಟಿದ್ದು ನನಗೆ ಗುಡುಗಿಗಿಂತ ಹೆಚ್ಚು ಭಯ ಹುಟ್ಟಿಸಿತು. ದೋಣಿ ಅಡ್ಡ ತಿರುಗಿತು. ಅಲೆ ಒಳಗೆ ನುಗ್ಗಿ ಪಾದ ಮುಳುಗಿತು. ಮಗಳ ತೋಳು ಹಿಡಿದಿದ್ದೆ, ಬಿಡಲು ಗೊತ್ತಾಗಲಿಲ್ಲ.

ಸೌತೆಕಾಯಿ ಹೆಚ್ಚಲು ತಂದ ಚಾಕು ಹಿಡಿದು ಭಾವ ಹಿಂಬದಿಗೆ ಹೋಗಿ ನೀರಿನತ್ತ ಬಗ್ಗಿದರು. ಆಗ ಅಕ್ಕ ತನ್ನ ದುಪಟ್ಟಾ ತೆಗೆದು ಅವರ ಸೊಂಟಕ್ಕೆ ಕಟ್ಟಿ, ಇನ್ನೊಂದು ತುದಿಯನ್ನು ತನ್ನ ಮುಂಗೈಗೆ ಬಿಗಿದಳು.

"ಬೇಡ ಮಾರಾಯ್ತಿ. ನಾನು ಬಿದ್ರೆ ನಿನ್ನನ್ನೂ ಎಳೀತೇನೆ."

"ಎಳೀರಿ. ನಾನು ತೇಲ್ತೇನಲ್ಲ."

ನಾನು ಅಕ್ಕನ ಸೊಂಟ ತಬ್ಬಿದೆ. ಮಗಳು ನನ್ನ ಬೆನ್ನಿಗೆ ಅಂಟಿದಳು. ಮಿಂಚು ಹೊಡೆದಾಗ ಭಾವನ ತಲೆ ನೀರೊಳಗಿತ್ತು. ಎದ್ದರು, ಉಸಿರೆಳೆದು ಮತ್ತೆ ಬಗ್ಗಿದರು. ಒಂದು ಸಲ ಅವರ ಮೊಣಕಾಲು ಜಾರಿ, ದುಪಟ್ಟಾ ಬಿಗಿದು, ನಾವೆಲ್ಲ ಒಂದೇ ಕಡೆ ವಾಲಿದೆವು. ಮುಗಿಯಿತು ಎಂದುಕೊಂಡೆ. ದೇವರ ಹೆಸರೂ ನೆನಪಾಗಲಿಲ್ಲ.

ಕೊನೆಗೆ ಬಲೆಯ ಒಂದು ತುಂಡು ಅವರ ಕೈಗೆ ಬಂತು. ಹಗ್ಗ ಎಷ್ಟು ಸಲ ಎಳೆದರೋ, ಮೋಟಾರು ಕೆಮ್ಮಿ ಹೊತ್ತಿಕೊಂಡಿತು. ಗಾಳಿಗೆ ಎದುರಾಗಿ ಹೋಗುವಂತಿರಲಿಲ್ಲ. ಅದು ತಳ್ಳಿದ ಕಡೆಗೇ ಹೋಗಿ ಆಚೆ ದಡದ ಕೆಸರಿಗೆ ಗುದ್ದಿದೆವು. ಮಂಡಿಯವರೆಗೆ ಹೂತುಕೊಂಡು ಮೇಲೆ ಹತ್ತಿದೆವು. ಮರದ ಕೆಳಗೆ ನಿಲ್ಲಲು ಸಿಡಿಲಿನ ಭಯ. ಬಯಲಲ್ಲೇ ಕುಕ್ಕರುಗಾಲಲ್ಲಿ ಕೂತು ಮಳೆ ಹೊಡೆಸಿಕೊಂಡೆವು. ಭಾವ ವಾಂತಿ ಮಾಡಿದರು. ನೆನೆದ ಗಂಟು ಬಿಚ್ಚಲು ಬರದೆ ಅಕ್ಕ ಅವರ ಪಕ್ಕದಲ್ಲೇ ಕಟ್ಟಿಕೊಂಡು ಕೂತಿದ್ದಳು.

"ನನಗೆ ಹೆದರಿಕೆ ಆಗಿತ್ತು," ಎಂದರು ಅವರು, ಯಾರಿಗೆ ಎಂದಿಲ್ಲದೆ.

"ಗೊತ್ತು," ಎಂದಳು ಅಕ್ಕ.

ಮಳೆ ಇಳಿದ ಮೇಲೆ ತೋಟದ ಗೆಳೆಯರು ನಮ್ಮನ್ನು ಹುಡುಕುತ್ತ ಸುತ್ತು ರಸ್ತೆಯಲ್ಲಿ ಜೀಪು ತಂದು ಕರೆದೊಯ್ದರು. ಮಗಳ ತೋಳಿನ ಮೇಲೆ ನನ್ನ ಬೆರಳಿನ ಗುರುತು ಒಂದು ವಾರ ನೀಲಿಯಾಗಿತ್ತು. ಈಗಲೂ ಠಾಣೆಗೆ ಹೋಗುವ ಲೋಕಲ್ ರೈಲು ಖಾಡಿಯ ಉಪ್ಪುನೀರಿನ ಪಕ್ಕ ಓಡುವಾಗ ನಾನು ಕಿಟಕಿಗೆ ಬೆನ್ನು ಹಾಕಿ ನಿಲ್ಲುತ್ತೇನೆ.